ವಿಮಾನಪುರದ ಮೂಲಪುರುಷ ವಾಲ್‌ಚಂದ್ ಹೀರಾಚಂದ್

ಬೆಂಗಳೂರಿನ ಪಡುವಣ ಭಾಗದಲ್ಲಿರುವ ನಮ್ಮ ಚಂದ್ರಾ ಲೇಔಟಿನಿಂದ ಮೂಡಣ ಭಾಗದ ವಿಮಾನಪುರಕ್ಕೆ ಹೋಗಬೇಕಾದರೆ ಇಡೀ ಊರನ್ನೇ ದಾಟಬೇಕು. ಕಳೆದ ವರ್ಷ ನಾನು ಹಾಗೆ ಬಸ್ಸು ಬದಲಿಸಿ ಹೋಗಿ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ನೋಡಿ ಬಂದೆನು. ಅಲ್ಲಿ ಗೋಡೆಯ ಮೇಲೆ ಹಳೆಯ ಚಿತ್ರಗಳ ಸಾಲೊಂದಿದೆ. ಆ ಸಾಲು ೧೯೪೦ರಿಂದ ಆರಂಭವಾಗುತ್ತದೆ. ಬಯಲು, ಕೊಟ್ಟಿಗೆಯಂತಹ ದೊಡ್ಡ ಕಟ್ಟಡಗಳು, ಪ್ರೊಪೆಲ್ಲರ್ ವಿಮಾನಗಳು, ಅವುಗಳ ಸುತ್ತ ನಿಂತ ಕೆಲಸಗಾರರು. ಅವನ್ನು ನೋಡುತ್ತ ನಿಂತಾಗ ಈ ಕೆಲಸವನ್ನು ಮೊದಲು ಮನಸ್ಸಿನಲ್ಲಿ ಕಂಡವರು ಯಾರು, ಅವರಿಗೆ ಇದರಿಂದ ದೊರೆತುದೇನು ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿತು. ಆ ಪ್ರಶ್ನೆಗೆ ಉತ್ತರ ಹುಡುಕಿದುದರ ಫಲವೇ ಈ ಲೇಖನ.

ಆ ಮಹನೀಯರ ಹೆಸರು ವಾಲ್‌ಚಂದ್ ಹೀರಾಚಂದ್. ಹಡಗು, ಸಕ್ಕರೆ, ಮೋಟಾರು, ಸೇತುವೆ, ಸುರಂಗ ಎಂದರೆ ಅವರ ಹೆಸರನ್ನು ನೆನೆಯುವವರು ದೇಶದಲ್ಲಿ ಇಂದಿಗೂ ಉಂಟು. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದವರೂ ಅವರೇ. ಆದರೆ ಅದು ಅವರ ಕೈಯಲ್ಲಿ ಇದ್ದುದು ಸುಮಾರು ಹದಿನಾರು ತಿಂಗಳು ಮಾತ್ರ! ನೆಟ್ಟ ಗಿಡದ ಹಣ್ಣನ್ನು ಅವರು ತಿನ್ನಲಿಲ್ಲ. ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೆ? ಅವರ ಜೀವನವನ್ನು ಆದ್ಯಂತವಾಗಿ ನೋಡಿದ ಹೊರತು ಇದಕ್ಕೆ ಉತ್ತರ ಹೇಳಲಾಗದು.

ವಾಲ್‌ಚಂದರು ೧೮೮೨ನೆಯ ನವೆಂಬರ್ ೨೩ರಂದು ಸೊಲ್ಲಾಪುರದಲ್ಲಿ ಜನಿಸಿದರು. ಕನ್ನಡಿಗರಿಗೆ ಸೊಲ್ಲಾಪುರ ಪರಸ್ಥಳವಲ್ಲ. ಅದು ಶಿವಯೋಗಿ ಸಿದ್ಧರಾಮನ ಸೊನ್ನಲಿಗೆ. ಕೆರೆಯನ್ನು ಕಟ್ಟಿಸಿ, ಕೈಕೆಲಸಕ್ಕೆ ಗೌರವ ತಂದ ಆ ಶರಣನ ಊರಿನಲ್ಲಿ ಇಂದಿಗೂ ಕನ್ನಡದ ಮಾತು ಕೇಳಿಬರುತ್ತದೆ. ವಾಲ್‌ಚಂದರ ಮನೆತನವು ಗುಜರಾತಿನ ಕಡೆಯಿಂದ ಬಂದು ಅಲ್ಲಿ ನೆಲೆಸಿದ ದಿಗಂಬರ ಜೈನರದು. ಹತ್ತಿಯ ವ್ಯಾಪಾರ, ಲೇವಾದೇವಿ ಇವು ಮನೆಯ ಕಸಬು. ಬಾಲಕನು ಸೊಲ್ಲಾಪುರದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮುಂಬಯಿಯಲ್ಲಿಯೂ ಪುಣೆಯಲ್ಲಿಯೂ ಕಾಲೇಜಿಗೆ ಸೇರಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿದನು. ಆದರೆ ಬಿ. ಎ. ಪದವಿಯನ್ನು ಪಡೆಯದೆಯೇ ವ್ಯವಹಾರಕ್ಕೆ ಇಳಿದನು.

ಮನೆಯ ಗದ್ದುಗೆಯ ಮೇಲೆ ಕುಳಿತು ಬಡ್ಡಿಯ ಲೆಕ್ಕ ಬರೆಯುವುದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಎಂಬುವರೊಡನೆ ಕೂಡಿ ಬಾರ್ಸಿ ಲೈಟ್ ರೈಲ್ವೆಯ ದಾರಿಯೊಂದನ್ನು ಹಾಕುವ ಗುತ್ತಿಗೆ ಹಿಡಿದರು. ಅಲ್ಲಿಂದ ಮುಂದೆ ಗುತ್ತಿಗೆಗಳು ಒಂದರ ಹಿಂದೊಂದಾಗಿ ಬಂದುವು. ಮುಂಬಯಿ ಪುಣೆಗಳ ನಡುವಣ ಭೋರ್ ಘಟ್ಟದಲ್ಲಿ ರೈಲು ಸುರಂಗಗಳನ್ನು ಕೊರೆಯುವ ಕಠಿಣವಾದ ಕೆಲಸವನ್ನು ಅವರ ಸಂಸ್ಥೆ ನಿರ್ವಹಿಸಿತು. ೧೯೨೬ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ಯುರೋಪಿಯನ್ನರಿಗೆ ಮಾತ್ರ ಸಾಧ್ಯವೆಂದು ಎಲ್ಲರೂ ನಂಬಿದ್ದ ಕೆಲಸವನ್ನು ನಮ್ಮವರೂ ಮಾಡಬಲ್ಲರೆಂದು ತೋರಿಸುವುದೇ ಅವರ ಹಟವಾಗಿದ್ದಿತು.

ಈ ಹಟದ ಮೊದಲ ದೊಡ್ಡ ಪರೀಕ್ಷೆ ಸಮುದ್ರದ ಮೇಲೆ ನಡೆಯಿತು. ಒಂದನೆಯ ಮಹಾಯುದ್ಧ ಮುಗಿದೊಡನೆ, ಗ್ವಾಲಿಯರ್ ಮಹಾರಾಜರು ಆಸ್ಪತ್ರೆ ಹಡಗಾಗಿ ಬಳಸಿದ್ದ ಲಾಯಲ್ಟಿ ಎಂಬ ಹಡಗು ಮಾರಾಟಕ್ಕೆ ಬಂದಿತು. ವಾಲ್‌ಚಂದರು ನರೋತ್ತಮ ಮುರಾರ್ಜಿ ಮೊದಲಾದ ಮಿತ್ರರೊಡನೆ ಅದನ್ನು ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಸ್ಥಾಪಿಸಿದರು. ೧೯೧೯ನೆಯ ಏಪ್ರಿಲ್ ೫ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಬ್ರಿಟಿಷ್ ಹಡಗು ಕಂಪನಿಗಳು ಸುಮ್ಮನಿರಲಿಲ್ಲ. ಸರಕಿನ ಬಾಡಿಗೆಯನ್ನು ಒಮ್ಮೆಗೇ ಇಳಿಸಿ, ಹೊಸ ಕಂಪನಿಯನ್ನು ಮುಳುಗಿಸಲು ನೋಡಿದುವು. ಸಿಂಧಿಯಾ ಕಂಪನಿ ನಷ್ಟವನ್ನು ಸಹಿಸಿ, ಕೊನೆಗೆ ಒಪ್ಪಂದವೊಂದಕ್ಕೆ ತಲೆಬಾಗಿ, ಅಂತೂ ಉಳಿದುಕೊಂಡಿತು. ೧೯೨೯ರಿಂದ ೧೯೫೦ರವರೆಗೆ ವಾಲ್‌ಚಂದರೇ ಅದರ ಅಧ್ಯಕ್ಷರಾಗಿದ್ದರು. ಬಲಿಷ್ಠನಾದ ಎದುರಾಳಿಯ ಮುಂದೆ ಉಸಿರು ಹಿಡಿದು ನಿಲ್ಲುವ ವಿದ್ಯೆಯನ್ನು ಅವರು ಇಲ್ಲಿ ಕಲಿತರು. ಸರ್ಕಾರವು ಬೆನ್ನಿಗಿಲ್ಲದ ಉದ್ಯಮಿಯ ಪಾಡು ಏನೆಂಬುದನ್ನೂ ಇಲ್ಲಿಯೇ ಅರಿತರು.

ಇನ್ನು ವಿಮಾನದ ವಿಷಯ. ೧೯೩೯ರಲ್ಲಿ ವಾಲ್‌ಚಂದರು ಅಮೆರಿಕೆಗೆ ಹೋಗಿದ್ದರು. ಹೋದುದು ಮೋಟಾರು ಕಾರ್ಖಾನೆಯ ಮಾತುಕತೆಗಾಗಿ. ಹಿಂದಿರುಗುವಾಗ ಶಾಂತ ಮಹಾಸಾಗರವನ್ನು ದಾಟುವ ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ವಿಮಾನದಲ್ಲಿ ಪ್ರಯಾಣ ಮಾಡಿದರು. ಕ್ಲಿಪ್ಪರ್ ಎಂಬುದು ನೀರಿನ ಮೇಲೆ ಇಳಿಯುವ, ನಾಲ್ಕು ಎಂಜಿನುಗಳ ದೊಡ್ಡ ಹಾರುದೋಣಿ. ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ಎಂದು ದ್ವೀಪದಿಂದ ದ್ವೀಪಕ್ಕೆ ಇಳಿದು ತಂಗುತ್ತ, ದಿನಗಟ್ಟಲೆ ಸಾಗುವ ಪ್ರಯಾಣ ಅದು. ಅಂತಹ ಪ್ರಯಾಣದಲ್ಲಿ ಸಹಪ್ರಯಾಣಿಕರ ಪರಿಚಯ ತಾನಾಗಿಯೇ ಬೆಳೆಯುತ್ತದೆ. ಹಾಗೆ ಪರಿಚಯವಾದವರು ವಿಲಿಯಂ ಪಾಲೆ ಎಂಬ ಅಮೆರಿಕನ್ನರು. ಅವರು ಚೀನಾದೇಶದಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದರು. ಯುದ್ಧದ ಬೆಂಕಿಯ ನಡುವೆ ಚೀನಾದಲ್ಲಿ ವಿಮಾನ ಕಟ್ಟಬಹುದಾದರೆ ಭಾರತದಲ್ಲಿ ಏಕಾಗದು ಎಂಬ ಯೋಚನೆ ವಾಲ್‌ಚಂದರಿಗೆ ಹೊಳೆಯಿತು. ಹೊಳೆದ ಮೇಲೆ ಅವರು ಬಿಡುವವರಲ್ಲ.

ಭಾರತ ಸರ್ಕಾರವು ಮೊದಲು ಈ ಯೋಜನೆಗೆ ಸೊಪ್ಪು ಹಾಕಲಿಲ್ಲ. ಆದರೆ ೧೯೪೦ರ ಜೂನಿನಲ್ಲಿ ಫ್ರಾನ್ಸ್ ದೇಶವು ಜರ್ಮನರಿಗೆ ಸೋತು ಶರಣಾಯಿತು. ಇಂಗ್ಲೆಂಡಿಗೆ ತನ್ನ ವಿಮಾನಗಳೇ ತನಗೆ ಸಾಲದಾದುವು. ಆಗ ದೆಹಲಿಯವರ ಕಿವಿ ತೆರೆಯಿತು.

ಕಾರ್ಖಾನೆಗೆ ಸ್ಥಳವೆಲ್ಲಿ? ಇಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಿರಿಮೆಯನ್ನು ಹೇಳಬೇಕು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ವಾಲ್‌ಚಂದರನ್ನು ಎರಡು ಕೈ ಚಾಚಿ ಬರಮಾಡಿಕೊಂಡರು. ಬೆಂಗಳೂರಿನ ಪೂರ್ವಕ್ಕೆ ಸುಮಾರು ೭೦೦ ಎಕರೆ ಭೂಮಿ ದೊರೆಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿ ಇದ್ದಿತು. ಭದ್ರಾವತಿಯಲ್ಲಿ ಕಬ್ಬಿಣ ಉಕ್ಕಿನ ಕಾರ್ಖಾನೆ ಇದ್ದಿತು. ವಿಜ್ಞಾನಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಇದ್ದಿತು. ಸಮುದ್ರದಿಂದ ದೂರವಾದುದರಿಂದ ಶತ್ರುಗಳ ಭಯವೂ ಕಡಿಮೆ. ೧೯೪೦ನೆಯ ಡಿಸೆಂಬರ್ ೨೩ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿನಲ್ಲಿ ನೋಂದಣಿಯಾಯಿತು. ವಾಲ್‌ಚಂದರದೊಂದು ಪಾಲು, ಮೈಸೂರು ಸರ್ಕಾರದ್ದೊಂದು ಪಾಲು. ೧೯೪೧ರ ಮಾರ್ಚಿನಲ್ಲಿ ಭಾರತ ಸರ್ಕಾರವೂ ಪಾಲುದಾರನಾಗಿ ಬಂದಿತು.

ಕೆಲಸ ಎಷ್ಟು ವೇಗವಾಗಿ ನಡೆಯಿತೆಂದರೆ, ಒಂದು ವರ್ಷ ತುಂಬುವುದರೊಳಗಾಗಿಯೇ ಹಾರ್ಲೋ ಎಂಬ ಶಿಕ್ಷಣ ವಿಮಾನವು ಬೆಂಗಳೂರಿನ ಆಕಾಶಕ್ಕೆ ಏರಿತು. ಅಮೆರಿಕೆಯಿಂದ ತರಿಸಿದ ಭಾಗಗಳನ್ನು ಇಲ್ಲಿ ಜೋಡಿಸಿದುದು ನಿಜ. ಆದರೆ ಜೋಡಿಸಿದ ಕೈಗಳು ನಮ್ಮವು. ೧೯೪೨ರಲ್ಲಿ ಕರ್ಟಿಸ್ ಹಾಕ್ ಎಂಬ ಕಾದಾಟದ ವಿಮಾನವೂ ಹಾರಿತು. ಹಳ್ಳಿಗಳಿಂದ ಬಂದ ಯುವಕರು ರಿವೆಟ್ ಹೊಡೆಯುವುದನ್ನು, ತೆಳುವಾದ ಅಲ್ಯುಮಿನಿಯಂ ತಗಡನ್ನು ಬಾಗಿಸುವುದನ್ನು, ಕೂದಲೆಳೆಯಷ್ಟು ಅಂತರವನ್ನು ಅಳೆಯುವುದನ್ನು ಕಲಿತರು.

ಆದರೆ ವಿಧಿಯ ಸಂಕಲ್ಪವೇ ಬೇರೆಯಾಗಿದ್ದಿತು. ೧೯೪೧ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ೧೯೪೨ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಿತು. ಏಪ್ರಿಲ್ ೬ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದುವು. ಅಲ್ಲಿಯೂ ವಾಲ್‌ಚಂದರ ಹಡಗು ಕಟ್ಟೆಯ ಕೆಲಸ ನಡೆಯುತ್ತಿದ್ದಿತು. ಅದೇ ತಿಂಗಳಲ್ಲಿ ಭಾರತ ಸರ್ಕಾರವು ಬೆಂಗಳೂರಿನ ಕಾರ್ಖಾನೆಯಲ್ಲಿ ವಾಲ್‌ಚಂದರಿಗಿದ್ದ ಪಾಲನ್ನು ಬೆಲೆ ಕೊಟ್ಟು ಕೊಂಡು, ಆಡಳಿತವನ್ನು ವಹಿಸಿಕೊಂಡಿತು. ಹೊಸ ವಿಮಾನ ಕಟ್ಟುವುದಕ್ಕಿಂತ, ಕೆಟ್ಟ ವಿಮಾನಗಳನ್ನು ಬೇಗ ಸರಿಪಡಿಸಿ ರಣರಂಗಕ್ಕೆ ಕಳುಹಿಸುವುದೇ ಆಗ ಮುಖ್ಯವೆಂದು ಸರ್ಕಾರ ಭಾವಿಸಿತು. ಮೈಸೂರು ಸರ್ಕಾರವು ತನ್ನ ಪಾಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ೧೯೪೩ರಲ್ಲಿ ಕಾರ್ಖಾನೆಯು ಅಮೆರಿಕದ ಸೈನ್ಯದ ಕೈಗೆ ಹೋಯಿತು.

ವಾಲ್‌ಚಂದರಿಗೆ ಹಣದ ನಷ್ಟವಾಗಲಿಲ್ಲ. ಆದರೆ ಹಣಕ್ಕಾಗಿಯೇ ಅವರು ಇದನ್ನು ಮಾಡಿದ್ದರೆಂದು ಹೇಳುವುದು ಕಷ್ಟ. ಹಣ ಬೇಕಾದವರಿಗೆ ಸಕ್ಕರೆಯೇ ಸಾಕಾಗಿದ್ದಿತು. ಅವರ ಜೀವನದ ಕಥೆ ಇಲ್ಲಿಗೆ ಬೆಂಗಳೂರನ್ನು ಬಿಟ್ಟು ಹೋಗುತ್ತದೆ. ಆದರೆ ಅವರು ಹೂಡಿದ ಕೆಲಸದ ಕಥೆ ಇಲ್ಲಿಯೇ ಬೆಳೆಯುತ್ತದೆ. ಆದುದರಿಂದ ವಾಚಕರು ಸ್ವಲ್ಪ ಹೊತ್ತು ಕಾರ್ಖಾನೆಯ ಒಳಗೇ ನಿಲ್ಲಬೇಕೆಂದು ಬೇಡುತ್ತೇನೆ.

ಆಗ ಅಸ್ಸಾಮಿನಿಂದ ಚೀನಾದ ಕುನ್ಮಿಂಗಿಗೆ ಹಿಮಾಲಯದ ಏಣುಗಳನ್ನು ದಾಟಿ ಅಮೆರಿಕನ್ನರು ವಿಮಾನಗಳಲ್ಲಿ ಸಾಮಗ್ರಿ ಸಾಗಿಸುತ್ತಿದ್ದರು. ೧೯೪೨ರಿಂದ ೧೯೪೫ರವರೆಗೆ ಹೀಗೆ ಸಾಗಿದುದು ಸುಮಾರು ಆರೂವರೆ ಲಕ್ಷ ಟನ್ನು. ಆ ಭಾರವನ್ನು ಹೊತ್ತ ವಿಮಾನಗಳಲ್ಲಿ ಹೆಸರಾದುದು ಸಿ-೪೭. ಇಂಗ್ಲಿಷರು ಅದಕ್ಕೆ ಡಕೋಟಾ ಎಂದು ಹೆಸರಿಟ್ಟರು. ಅದರ ಮೂಲ ೧೯೩೫ರ ಡಿಸೆಂಬರ್ ೧೭ರಂದು ಮೊದಲು ಹಾರಿದ ಡಿಸಿ-೩ ಎಂಬ ಪ್ರಯಾಣಿಕರ ವಿಮಾನ. ಯುದ್ಧ ಮುಗಿಯುವುದರೊಳಗೆ ಈ ಜಾತಿಯ ವಿಮಾನಗಳು ಹತ್ತು ಸಾವಿರಕ್ಕೂ ಮೇಲ್ಪಟ್ಟು ತಯಾರಾಗಿದ್ದುವು. ಯುದ್ಧರಂಗದಲ್ಲಿ ದಣಿದ, ಗಾಯಗೊಂಡ ಅಮೆರಿಕದ ವಿಮಾನಗಳು ಬೆಂಗಳೂರಿಗೆ ಬಂದು ರಿಪೇರಿಯಾಗಿ ಹೋಗುತ್ತಿದ್ದುವು. ಡಕೋಟಾಗಳಲ್ಲದೆ, ಕ್ಯಾಟಲೀನಾ ಎಂಬ ಹಾರುದೋಣಿಗಳೂ ಬರುತ್ತಿದ್ದುವು. ಅವು ಬೆಳ್ಳಂದೂರಿನ ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದುವು. ಇಂದು ನೊರೆಗೂ ದುರ್ವಾಸನೆಗೂ ಸುದ್ದಿಯಾಗುವ ಆ ಕೆರೆಯಲ್ಲಿ ಒಂದು ಕಾಲಕ್ಕೆ ವಿಮಾನಗಳು ತೇಲಿದುವೆಂದರೆ ನಂಬುವುದು ಕಷ್ಟ.

ಡಕೋಟಾದ ರಿಪೇರಿ ಸಾಮಾನ್ಯವಾದ ಕೆಲಸವಲ್ಲ. ಅದರ ಎರಡು ಎಂಜಿನುಗಳಲ್ಲಿ ಒಂದೊಂದರಲ್ಲಿಯೂ ಹದಿನಾಲ್ಕು ಸಿಲಿಂಡರುಗಳು ಎರಡು ಸುತ್ತಾಗಿ, ಹೂವಿನ ದಳಗಳಂತೆ ಅಣಿಗೊಂಡಿರುತ್ತವೆ. ಒಂದೊಂದು ಎಂಜಿನಿನ ಶಕ್ತಿ ೧,೨೦೦ ಕುದುರೆಗಳಷ್ಟು. ಗೊತ್ತಾದಷ್ಟು ಗಂಟೆಗಳ ಕಾಲ ಹಾರಿದ ಮೇಲೆ ಎಂಜಿನನ್ನು ಕೆಳಗಿಳಿಸಿ, ತುಂಡು ತುಂಡಾಗಿ ಬಿಚ್ಚಿ, ಸವೆದುದನ್ನು ಬದಲಿಸಿ, ಮರಳಿ ಜೋಡಿಸಿ, ಕಟ್ಟೆಯ ಮೇಲೆ ಓಡಿಸಿ ನೋಡಬೇಕು. ರೆಕ್ಕೆಯ ತಗಡಿನಲ್ಲಿ ಬಿರುಕನ್ನು ಹುಡುಕಬೇಕು. ಬಾಲದ ಚುಕ್ಕಾಣಿಗೆ ಹೊದಿಸಿದ ಬಟ್ಟೆಯನ್ನು ಹೊಸದಾಗಿ ಬಿಗಿಯಬೇಕು. ಒಂದು ರಿವೆಟ್ ಸಡಿಲವಾದರೂ ಅದರ ಲೆಕ್ಕವನ್ನು ಆಕಾಶ ಕೇಳುತ್ತದೆ. ಸಾವಿರಾರು ಬೆಂಗಳೂರಿಗರು ಈ ಶಿಸ್ತಿನಲ್ಲಿ ಪಳಗಿದರು. ವಿಮಾನವನ್ನು ಬಿಚ್ಚಿ ಕಟ್ಟಬಲ್ಲವನು ಒಂದು ದಿನ ಹೊಸದಾಗಿಯೂ ಕಟ್ಟಬಲ್ಲನು ಎಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ.

ಯುದ್ಧ ನಿಂತಿತು. ಅಮೆರಿಕನ್ನರು ತಮ್ಮ ಡಕೋಟಾಗಳನ್ನು ಮರಳಿ ಒಯ್ಯುವ ಖರ್ಚಿಗಿಂತ ಇಲ್ಲಿಯೇ ಅಗ್ಗವಾಗಿ ಮಾರುವುದು ಲೇಸೆಂದು ಮಾರಿಬಿಟ್ಟರು. ಕೊಂಡವರಿಗೆ ದೊರೆತುದು ಸರಕು ವಿಮಾನ. ಒಳಗೆ ಗೋಡೆಯುದ್ದಕ್ಕೂ ಲೋಹದ ಮಡಿಚುವ ಆಸನಗಳು, ದಪ್ಪನೆಯ ನೆಲ, ಜೀಪು ನುಗ್ಗುವಷ್ಟು ಅಗಲವಾದ ಬಾಗಿಲು, ಕಿವಿ ಒಡೆಯುವ ಸದ್ದು. ಅದನ್ನು ಗೃಹಸ್ಥರು ಕುಳಿತು ಹೋಗುವ ವಿಮಾನವನ್ನಾಗಿ ಮಾಡಬೇಕಾಗಿದ್ದಿತು. ಸಾಲಾಗಿ ಮೆತ್ತನೆಯ ಆಸನಗಳನ್ನು ಹಾಕಿ, ಸದ್ದನ್ನು ತಡೆಯುವ ಹೊದಿಕೆಯನ್ನು ಒಳಗೆ ಬಡಿದು, ಪ್ರಯಾಣಿಕರಿಗೆ ಬೇಕಾದ ಅನುಕೂಲಗಳನ್ನು ಕಲ್ಪಿಸುವ ಈ ಮಾರ್ಪಾಟಿನ ಕೆಲಸವನ್ನು ಬೆಂಗಳೂರಿನ ಕಾರ್ಖಾನೆ ಕೈಗೊಂಡಿತು. ಡಕೋಟಾದ ಹಿಂಗಾಲಿ ಚಿಕ್ಕದಾದುದರಿಂದ ಅದು ನೆಲದ ಮೇಲೆ ಮೂಗೆತ್ತಿ ನಿಲ್ಲುತ್ತದೆ. ಆದುದರಿಂದ ಪ್ರಯಾಣಿಕರು ಬೆಟ್ಟ ಹತ್ತಿದಂತೆ ಹತ್ತಿ ತಮ್ಮ ಆಸನವನ್ನು ಸೇರಬೇಕಾಗಿದ್ದಿತು. ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಇಲ್ಲದುದರಿಂದ ಬಹಳ ಎತ್ತರಕ್ಕೆ ಹಾರುವಂತಿಲ್ಲ. ಮಳೆ ಮೋಡಗಳ ನಡುವೆಯೇ ಕುಲುಕಾಡುತ್ತ ಹೋಗಬೇಕು. ಆದರೂ ಭಾರತದ ಸಾಮಾನ್ಯ ನಗರಗಳು ಮೊದಲು ಆಕಾಶಮಾರ್ಗವನ್ನು ಕಂಡುದು ಈ ಡಕೋಟಾದ ದೆಸೆಯಿಂದಲೇ.

ಆ ಕೆಲವು ವರ್ಷಗಳಲ್ಲಿ ವಿಮಾನ ಕಂಪನಿಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್, ಕಳಿಂಗ ಏರ್‌ಲೈನ್ಸ್ ಹೀಗೆ ಹಲವು. ವಾಲ್‌ಚಂದರಿಗೂ ಆಕಾಶದ ನಂಟು ಕಡಿದಿರಲಿಲ್ಲ. ಅವರ ಸಿಂಧಿಯಾ ಕಂಪನಿಯು ಯುದ್ಧಕಾಲದಲ್ಲಿಯೇ ಏರ್ ಸರ್ವೀಸಸ್ ಆಫ್ ಇಂಡಿಯಾ ಎಂಬ ವಿಮಾನ ಕಂಪನಿಯನ್ನು ಕೊಂಡಿದ್ದಿತು. ಮುಂಬಯಿಗೂ ಕಾಠೇವಾಡದ ಊರುಗಳಿಗೂ ವಿಮಾನ ಓಡಿಸಿ ಹೆಸರಾದ ಕಂಪನಿ ಅದು. ಹೀಗೆ ವಿಮಾನ ಕಟ್ಟುವ ಹಕ್ಕನ್ನು ಕಳೆದುಕೊಂಡವರು ವಿಮಾನ ನಡೆಸುವ ಕೆಲಸದಲ್ಲಿ ಉಳಿದರು.

೧೯೪೭ನೆಯ ಅಕ್ಟೋಬರ್ ೨೭ರಂದು ಡಕೋಟಾದ ನಿಜವಾದ ಬೆಲೆ ದೇಶಕ್ಕೆ ತಿಳಿಯಿತು. ದಾಳಿಕಾರರು ಶ್ರೀನಗರದ ಹೆಬ್ಬಾಗಿಲಿಗೆ ಬಂದಿದ್ದರು. ರಸ್ತೆಯಲ್ಲಿ ಸೈನ್ಯ ಕಳುಹಿಸಲು ಕಾಲವಿರಲಿಲ್ಲ. ವಾಯುಪಡೆಯ ಡಕೋಟಾಗಳೊಡನೆ ಖಾಸಗಿ ಕಂಪನಿಗಳ ಡಕೋಟಾಗಳನ್ನೂ ಸರ್ಕಾರವು ಕರೆಸಿಕೊಂಡು, ದೆಹಲಿಯಿಂದ ಸಿಖ್ ರೆಜಿಮೆಂಟಿನ ಯೋಧರನ್ನು ಶ್ರೀನಗರಕ್ಕೆ ಇಳಿಸಿತು. ನಿನ್ನೆ ವ್ಯಾಪಾರಿಗಳನ್ನು ಹೊತ್ತ ವಿಮಾನ ಇಂದು ಸಿಪಾಯಿಗಳನ್ನು ಹೊತ್ತಿತು. ಮರುವರ್ಷ ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗರು ಹತ್ತು ಸಾವಿರ ಅಡಿಗೂ ಎತ್ತರದಲ್ಲಿರುವ ಲೇಹದಲ್ಲಿ ಡಕೋಟಾವನ್ನು ಇಳಿಸಿ ತೋರಿಸಿದರು. ಸಾರಿಗೆ ವಿಮಾನವಿಲ್ಲದ ದೇಶ ತನ್ನ ಗಡಿಯನ್ನು ಕಾಯಲಾರದು ಎಂಬ ಪಾಠವನ್ನು ಈ ಎರಡು ಘಟನೆಗಳು ಕಲಿಸಿದುವು.

೧೯೪೮ನೆಯ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಕಂಪನಿಯ ಮಲಬಾರ್ ಪ್ರಿನ್ಸೆಸ್ ಎಂಬ ನಾಲ್ಕೆಂಜಿನಿನ ಕಾನ್‌ಸ್ಟೆಲೇಷನ್ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಹಾರಿತು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಲಾಯಲ್ಟಿ ಹಡಗು ಹಿಡಿದುದೂ ಮುಂಬಯಿ ಲಂಡನ್ನುಗಳ ದಾರಿಯನ್ನೇ. ಅದೇ ಸುಮಾರಿಗೆ ಬೆಂಗಳೂರಿನ ಕಾರ್ಖಾನೆಯವರು ಇನ್ನೊಂದು ಸಾಹಸ ಮಾಡಿದರು. ಕಾನಪುರದಲ್ಲಿ ಅಮೆರಿಕನ್ನರು ಬಿಟ್ಟುಹೋಗಿದ್ದ ಲಿಬರೇಟರ್ ಎಂಬ ನಾಲ್ಕೆಂಜಿನಿನ ಬಾಂಬರುಗಳು ಮಳೆ ಬಿಸಿಲಿನಲ್ಲಿ ಹಾಳಾಗಿ ಬಿದ್ದಿದ್ದುವು. ಅವುಗಳಲ್ಲಿ ಸುಮಾರು ನಲವತ್ತನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಕಾರ್ಖಾನೆಯ ಪೈಲಟ್ ಜಮ್‌ಷೆಡ್ ಮುನ್ಷಿಯವರು ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವು ಪೂರ್ತಿ ದುರಸ್ತಾಗಿ ವಾಯುಪಡೆಯನ್ನು ಸೇರಿದುವು. ಇತರರು ಗುಜರಿ ಎಂದು ಬಿಟ್ಟುದನ್ನು ಬೆಂಗಳೂರಿನ ಕೈಗಳು ಪಡೆಯನ್ನಾಗಿ ಮಾಡಿದುವು.

ಇನ್ನು ವಾಲ್‌ಚಂದರ ಕಡೆಗೆ ತಿರುಗೋಣ. ಮೋಟಾರು ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರೂ ಅವರೂ ಕೂಡಿ ಬಹಳ ಶ್ರಮಿಸಿದ್ದರು. ಮೈಸೂರು ಸರ್ಕಾರವು ನೆರವಾಗಲು ಸಿದ್ಧವಿದ್ದರೂ ಭಾರತ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಕೊನೆಗೆ ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮುಂಬಯಿಯಲ್ಲಿ ಹುಟ್ಟಿತು. ವಿಶಾಖಪಟ್ಟಣದ ಹಡಗು ಕಟ್ಟೆಯಿಂದ ೧೯೪೮ನೆಯ ಮಾರ್ಚ್ ೧೪ರಂದು ಜಲ ಉಷಾ ಎಂಬ ಹಡಗು ನೀರಿಗಿಳಿಯಿತು. ಅದನ್ನು ಇಳಿಸಿದವರು ಪ್ರಧಾನಿ ಜವಾಹರಲಾಲ್ ನೆಹರೂ ಅವರು. ಅದು ವಾಲ್‌ಚಂದರ ಜೀವನದ ಸಂತೋಷದ ದಿನಗಳಲ್ಲಿ ಒಂದಾಗಿರಬೇಕು. ಆದರೆ ಮರುವರ್ಷವೇ ಅವರಿಗೆ ಲಕ್ವ ಹೊಡೆಯಿತು. ೧೯೫೦ರಲ್ಲಿ ಎಲ್ಲ ವ್ಯವಹಾರಗಳಿಂದ ನಿವೃತ್ತರಾದರು.

೧೯೫೧ರ ಆಗಸ್ಟಿನಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಹೆಚ್.ಟಿ.-೨ ಎಂಬ ಶಿಕ್ಷಣ ವಿಮಾನವು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ನಕ್ಷೆಯಿಂದ ಮೊದಲ್ಗೊಂಡು ಇಲ್ಲಿಯೇ ಸಿದ್ಧವಾದ ವಿಮಾನವದು. ಅಂತಹವು ನೂರೈವತ್ತಕ್ಕೂ ಹೆಚ್ಚು ತಯಾರಾದುವು. ರಿಪೇರಿಯ ಶಾಲೆಯಲ್ಲಿ ಓದಿದ ಕಾರ್ಖಾನೆ ಹತ್ತು ವರ್ಷಗಳಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಿತು. ಸ್ಥಾಪಕರು ಆಗ ರೋಗಶಯ್ಯೆಯಲ್ಲಿದ್ದರು. ೧೯೫೨ರಲ್ಲಿ ವಿಶಾಖಪಟ್ಟಣದ ಹಡಗು ಕಟ್ಟೆಯ ಹೆಚ್ಚಿನ ಪಾಲನ್ನೂ ಸರ್ಕಾರ ತೆಗೆದುಕೊಂಡಿತು. ೧೯೫೩ನೆಯ ಏಪ್ರಿಲ್ ೮ರಂದು ಗುಜರಾತಿನ ಸಿದ್ಧಪುರದಲ್ಲಿ ವಾಲ್‌ಚಂದರು ಕಾಲವಾದರು. ಅದೇ ವರ್ಷ ಆಗಸ್ಟ್ ೧ರಂದು ದೇಶದೊಳಗಿನ ಎಂಟು ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯಲ್ಲಿ ಐಕ್ಯವಾದುವು. ಸಿಂಧಿಯಾದವರ ಏರ್ ಸರ್ವೀಸಸ್ ಕಂಪನಿಯೂ ಅವುಗಳಲ್ಲಿ ಒಂದು. ಹೊಸ ಸಂಸ್ಥೆಗೆ ದೊರೆತ ತೊಂಬತ್ತೊಂಬತ್ತು ವಿಮಾನಗಳಲ್ಲಿ ಎಪ್ಪತ್ತನಾಲ್ಕು ಡಕೋಟಾಗಳೇ ಆಗಿದ್ದುವು.

ಹೀಗೆ ವಾಲ್‌ಚಂದರ ವಿಮಾನ ಕಾರ್ಖಾನೆ, ಹಡಗು ಕಟ್ಟೆ, ವಿಮಾನ ಕಂಪನಿ ಮೂರೂ ಸರ್ಕಾರದ ಪಾಲಾದುವು. ಇದನ್ನು ಅನ್ಯಾಯವೆನ್ನೋಣವೆ? ಈ ವಿಷಯದಲ್ಲಿ ಒಮ್ಮುಖವಾದ ತೀರ್ಪು ಕೊಡುವುದು ಸರಿಯಲ್ಲ. ೧೯೪೨ರಲ್ಲಿ ಪರಕೀಯ ಸರ್ಕಾರವು ತನ್ನ ಯುದ್ಧಕ್ಕಾಗಿ ಕಾರ್ಖಾನೆಯನ್ನು ತೆಗೆದುಕೊಂಡುದು ಒಂದು ಬಗೆ. ಸ್ವತಂತ್ರ ಭಾರತವು ತನ್ನ ಜನಕ್ಕಾಗಿ ವಿಮಾನ ಸಂಚಾರವನ್ನು ವಹಿಸಿಕೊಂಡುದು ಇನ್ನೊಂದು ಬಗೆ. ವಾಲ್‌ಚಂದರು ಸನ್ಯಾಸಿಗಳಾಗಿರಲಿಲ್ಲ, ವ್ಯಾಪಾರಿಗಳು. ಯುದ್ಧವು ತೆರೆದ ಅವಕಾಶವನ್ನು ಬಳಸಿಕೊಳ್ಳಲು ಹೊರಟವರು. ಅವರು ಮೊದಲು ಕಟ್ಟಲು ಒಪ್ಪಿಕೊಂಡುದು ಪ್ರಯಾಣಿಕರ ವಿಮಾನಗಳನ್ನಲ್ಲ, ಯುದ್ಧದ ವಿಮಾನಗಳನ್ನು. ತಾಂತ್ರಿಕ ಜ್ಞಾನ ಅಮೆರಿಕನ್ನರದು, ನೆಲ ಮೈಸೂರಿನದು. ಯುದ್ಧದ ನಂತರದ ಬರಗಾಲದಲ್ಲಿ ಕಾರ್ಖಾನೆಯು ರೈಲು ಬೋಗಿಗಳನ್ನು ಕಟ್ಟಿ ಕೈತುಂಬ ಕೆಲಸ ಕಂಡುಕೊಳ್ಳಬೇಕಾಯಿತು. ಸರ್ಕಾರದ ಆಸರೆ ಇಲ್ಲದಿದ್ದರೆ ಅದು ಆ ಕಾಲವನ್ನು ದಾಟುತ್ತಿದ್ದುದು ಸಂದೇಹವೇ. ಇಷ್ಟೆಲ್ಲವನ್ನು ಒಪ್ಪಿದ ಮೇಲೆಯೂ ಒಂದು ಮಾತು ಉಳಿಯುತ್ತದೆ. ೧೯೪೦ರಲ್ಲಿ ಅವರು ಮುಂದೆ ಬಾರದಿದ್ದರೆ, ೧೯೪೩ರಲ್ಲಿ ರಿಪೇರಿಗೆ ಬಂದ ಡಕೋಟಾಗಳಿಗೆ ಇಲ್ಲಿ ಕೊಟ್ಟಿಗೆಯೂ ಇರುತ್ತಿರಲಿಲ್ಲ, ಪಳಗಿದ ಕೈಯೂ ಇರುತ್ತಿರಲಿಲ್ಲ. ೧೯೫೧ರ ಹೆಚ್.ಟಿ.-೨ ಅಷ್ಟು ಬೇಗ ಹಾರುತ್ತಿರ
ಲಿಲ್ಲ.

ಆ ಪರಂಪರೆ ಮುಂದೆಯೂ ಸಾಗಿತು. ಡಕೋಟಾದ ಸ್ಥಾನದಲ್ಲಿ ನಿಲ್ಲಬೇಕೆಂದು ಆವ್ರೋ-೭೪೮ ಎಂಬ ಟರ್ಬೊಪ್ರಾಪ್ ವಿಮಾನವನ್ನು ವಾಯುಪಡೆಯು ಕಾನಪುರದಲ್ಲಿ ಕಟ್ಟತೊಡಗಿತು. ಅಲ್ಲಿ ಕಟ್ಟಿದ ಮೊದಲನೆಯದು ೧೯೬೧ರ ನವೆಂಬರಿನಲ್ಲಿ ಹಾರಿತು. ೧೯೬೪ರಲ್ಲಿ ಆ ಕಾನಪುರದ ಘಟಕವೂ ಬೆಂಗಳೂರಿನ ಕಾರ್ಖಾನೆಯೂ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಒಂದೇ ಸಂಸ್ಥೆಯಲ್ಲಿ ಕೂಡಿದುವು. ಇಂದು ಆ ಆವ್ರೋಗಳಿಗೂ ವಯಸ್ಸಾಗಿದೆ. ಅವುಗಳ ಬದಲಿಗೆ ಬರುವ ಸಿ-೨೯೫ ಎಂಬ ಪ್ರೊಪೆಲ್ಲರ್ ವಿಮಾನಗಳು ಐವತ್ತಾರು. ಅವುಗಳಲ್ಲಿ ನಲವತ್ತನ್ನು ವಡೋದರೆಯಲ್ಲಿ ಕಟ್ಟಲು ಟಾಟಾ ಮತ್ತು ಏರ್‌ಬಸ್ ಕಂಪನಿಗಳು ಕಟ್ಟಿಸಿದ ಕಾರ್ಖಾನೆ ೨೦೨೪ರ ಅಕ್ಟೋಬರ್ ೨೮ರಂದು ಉದ್ಘಾಟನೆಯಾಯಿತು. ಖಾಸಗಿ ಕಂಪನಿಯೊಂದು ಭಾರತದಲ್ಲಿ ಸೈನ್ಯದ ವಿಮಾನ ಕಟ್ಟುವುದೆಂಬುದನ್ನು ಪತ್ರಿಕೆಗಳು ಹೊಸ ಸುದ್ದಿಯಾಗಿ ಪ್ರಕಟಿಸಿದುವು. ವಾಲ್‌ಚಂದರು ಅದನ್ನು ಎಂಬತ್ತು ವರ್ಷಗಳಿಗೂ ಹಿಂದೆ ಬೆಂಗಳೂರಿನಲ್ಲಿ ಆರಂಭಿಸಿದ್ದರು.

ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು ಇಂದು ವಾಲ್‌ಚಂದರ ಹೆಸರನ್ನು ಹೊತ್ತು ನಿಂತಿದೆ. ಪದವಿಯನ್ನು ಪಡೆಯದವರ ಹೆಸರಿನಲ್ಲಿ ಸಾವಿರಾರು ಮಂದಿ ಪದವೀಧರರಾಗಿದ್ದಾರೆ. ಬೆಂಗಳೂರಿನಲ್ಲಿ ಅವರ ಸ್ಮಾರಕ ಬೇರೆ ಬಗೆಯದು. ವಿಮಾನ ಕಾರ್ಖಾನೆಯ ಹಿಂದೆಯೇ ದೂರವಾಣಿ, ಗಡಿಯಾರ, ಯಂತ್ರ, ರೇಡಿಯೋ ಕಾರ್ಖಾನೆಗಳು ಈ ಊರಿಗೆ ಬಂದುವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳು ರಾಜಾಜಿನಗರದಲ್ಲಿ, ಪೀಣ್ಯದಲ್ಲಿ, ಓಣಿ ಓಣಿಗಳಲ್ಲಿ ಹುಟ್ಟಿದುವು. ನನ್ನ ತಂದೆಯವರು ಕಾಮಾಕ್ಷಿಪಾಳ್ಯದ ಅಂತಹ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಹಿಡಿದೇ ನನ್ನನ್ನು ಬಿ. ಎ. ತರಗತಿಯವರೆಗೆ ತಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಾಲ್‌ಚಂದರ ಹೆಸರನ್ನು ನನ್ನ ತಂದೆಯವರು ಕೇಳಿರಲಿಲ್ಲ. ಈ ಲೇಖನವನ್ನು ಓದಿ ಹೇಳಿದಾಗ ಮೊದಲ ಸಲ ಕೇಳಿದರು.

ಆದುದರಿಂದ ಅವರ ಶ್ರಮ ವ್ಯರ್ಥವಾಯಿತೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂಬುದೇ. ಕಾರ್ಖಾನೆ ಅವರ ಕೈಬಿಟ್ಟು ಹೋಯಿತು. ಅದು ಕಲಿಸಿದ ಕೆಲಸ ಈ ಊರನ್ನು ಬಿಟ್ಟು ಹೋಗಲಿಲ್ಲ. ವಿಮಾನಪುರದ ಮೇಲೆ ವಿಮಾನ ಹಾರುವಾಗ ತಲೆಯೆತ್ತಿ ನೋಡುವ ನಮ್ಮ ವಿದ್ಯಾರ್ಥಿಗಳು ಸೊಲ್ಲಾಪುರದ ಈ ಮಹನೀಯರನ್ನು ಒಂದು ಕ್ಷಣ ನೆನೆದರೆ ಈ ಲೇಖನ ಬರೆದುದು ಸಾರ್ಥಕ.